ಕಾರಿನ ಗಾಜಿಗೆ ಕೂಲಿಂಗ್ ಪೇಪರ್: ಹಾಕಿಸುವ ಮುನ್ನ ಮತ್ತು ಹಾಕಿಸಿದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಮುಗಿದ ಮರುದಿನದಿಂದ ಮುಂಗಾರು ಹಿಡಿಯುವವರೆಗೂ ನಮ್ಮ ಅಂಗಡಿಯ ಕಟ್ಟೆ ಮೇಲೆ ಕೂತು ಜನ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಗಾಜಿಗೆ ಫಿಲ್ಮ್ ಹಚ್ಚುವುದು ನನ್ನ ಹೊಟ್ಟೆಪಾಡು. ಆದರೂ ಕೆಲವು ಕಡೆ "ಹಾಕಿಸಬೇಡಿ" ಎಂದೇ ಬರೆದಿದ್ದೇನೆ.

ಮೊದಲು ಇದನ್ನು ಹೇಳಿ: ಕಾರಿಗೆ ಕೂಲಿಂಗ್ ಪೇಪರ್ ಹಾಕಿಸಬಹುದಾ, ಇಲ್ಲವಾ?

ಒಂದೇ ಮಾತಿನ ಉತ್ತರ ಇಲ್ಲ. ಸ್ವಲ್ಪ ಹಿಂದಿನಿಂದ ಬರಬೇಕು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಗಾಜಿನದ್ದು. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು ಬೆಳಕನ್ನು ಒಳಗೆ ಬಿಡಬೇಕು, ಪಕ್ಕದ ಗಾಜು ಕನಿಷ್ಠ ಶೇ 50ರಷ್ಟು ಬಿಡಬೇಕು ಎನ್ನುತ್ತದೆ ಅದು. ಅಷ್ಟು ಬೆಳಕು ಬಿಟ್ಟರೆ ಸಾಕು, ಫಿಲ್ಮ್ ಹಚ್ಚಿದರೂ ನಡೆಯುತ್ತದೆ ಎಂದುಕೊಂಡು ಇಡೀ ದೇಶ ಬಹಳ ವರ್ಷ ನಡೆಸಿತು. ನಿಜ ಹೇಳಬೇಕೆಂದರೆ ಆ 70 ಮತ್ತು 50ನ್ನೂ ಯಾರೂ ನೋಡುತ್ತಿರಲಿಲ್ಲ. ಗಾಜು ಎಷ್ಟು ಕಪ್ಪೋ ಅಷ್ಟು ಗತ್ತು.

2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು. ಗಾಜನ್ನು ತಯಾರಿಸುವಾಗಲೇ ಬಣ್ಣ ಕೊಟ್ಟಿದ್ದರೆ ಸರಿ, ಆಮೇಲೆ ಅದರ ಮೇಲೆ ಎಷ್ಟೇ ತೆಳುವಾದ ಕಪ್ಪು ಫಿಲ್ಮ್ ಆಗಲಿ, ಬೇರೆ ಏನೇ ಆಗಲಿ ಅಂಟಿಸುವಂತಿಲ್ಲ ಎಂದಿತು. ಮೇ 4ರಿಂದ ಅದು ಜಾರಿ. ಆ ತಿಂಗಳು ಈ ಕಸುಬಿನವರೆಲ್ಲ ಹಚ್ಚುವುದನ್ನು ಬಿಟ್ಟು ಕೀಳುವ ಕೂಲಿ ಮಾಡಿದೆವು. ಹಚ್ಚಿದ್ದವರೇ ಕೀಳಬೇಕಾಯಿತಲ್ಲ, ಗಿರಾಕಿಗಳ ಮುಖ ನೋಡಲು ಆಗುತ್ತಿರಲಿಲ್ಲ.

ಆಮೇಲೆ 100ನೇ ನಿಯಮಕ್ಕೇ ತಿದ್ದುಪಡಿ ಬಂತು. 2021ರ ಏಪ್ರಿಲ್ 1ರಿಂದ ಜಾರಿಯಾದ ಆ ತಿದ್ದುಪಡಿ 'ಸೇಫ್ಟಿ ಗ್ಲಾಸ್' ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಎಂಬುದನ್ನೂ ಒಪ್ಪಿತು. ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜೂ ಇದರೊಳಗೆ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಇದನ್ನೇ ಹಿಡಿದು, ಆ ಪದರವನ್ನು ಕಾರು ಕಂಪನಿಯೇ ಹಾಕಬೇಕೆಂದೇನಿಲ್ಲ, 70 ಮತ್ತು 50ರ ಮಿತಿಯೊಳಗೆ ಇದ್ದರೆ ಮಾಲೀಕರೂ ಹಾಕಿಸಬಹುದು, ಅದಕ್ಕೆ ದಂಡ ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಹಾಗಾದರೆ ಕರ್ನಾಟಕದಲ್ಲೂ ಪರವಾಗಿಲ್ಲ ತಾನೆ?

ಕೇರಳ ಹೈಕೋರ್ಟಿನ ಮಾತನ್ನು ನಮ್ಮ ರಾಜ್ಯದ ಪೊಲೀಸರು ಪಾಲಿಸಲೇಬೇಕು ಅಂತಿಲ್ಲ. ವಕೀಲರು ಅದನ್ನು ಆಧಾರವಾಗಿ ತೋರಿಸಬಹುದು, ಅಷ್ಟೇ. ರಸ್ತೆಯಲ್ಲಿ ಕೈ ಅಡ್ಡ ಹಿಡಿದ ಸಬ್ ಇನ್‌ಸ್ಪೆಕ್ಟರ್ ತಲೆಯಲ್ಲಿರುವುದು ಇಂದಿಗೂ 2012ರ ಆದೇಶವೇ. ಮಂಗಳೂರಿನವರು ತಲಪಾಡಿ ದಾಟಿದ ಮೇಲೆ ಒಂದು ಲೆಕ್ಕ, ವಾಪಸು ಬಂದ ಮೇಲೆ ಇನ್ನೊಂದು ಲೆಕ್ಕ ಎಂದು ನಗುವುದು ಇದಕ್ಕೇ. ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗುವವರೂ, ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋಗುವವರೂ ಇದನ್ನು ಮರೆಯಬಾರದು.

ನನ್ನ ಗಿರಾಕಿಗಳಿಗೆ ನಾನು ಹೇಳುವುದಿಷ್ಟು. ಹೊರಗಿನಿಂದ ನೋಡಿದರೆ ಫಿಲ್ಮ್ ಇದೆ ಎಂದೇ ಗೊತ್ತಾಗದಂಥದ್ದನ್ನು, ಪಕ್ಕದ ಗಾಜುಗಳಿಗೆ ಮಾತ್ರ, ಅಳತೆ ಮಾಡಿಸಿ ಹಾಕಿಸಿ. ಆದರೂ ದಂಡ ಬೀಳಬಹುದು ಎಂಬುದನ್ನು ಒಪ್ಪಿಕೊಂಡೇ ಹಾಕಿಸಿ. ಅಷ್ಟು ಧೈರ್ಯವಿಲ್ಲದಿದ್ದರೆ ಬೇಡ.

ದಂಡ ಎಷ್ಟು?

ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ. ದಂಡಕ್ಕಿಂತ ಬೇಸರ ತರಿಸುವುದು ಅಲ್ಲೇ ರಸ್ತೆ ಬದಿಯಲ್ಲಿ ಫಿಲ್ಮ್ ಕೀಳಿಸುವುದು. ಉಗುರಿನಿಂದ ಎಳೆದು ಕಿತ್ತರೆ ಅರ್ಧ ಬರುತ್ತದೆ, ಅರ್ಧ ಗೋಂದಿನ ಸಮೇತ ಗಾಜಿನಲ್ಲೇ ಉಳಿಯುತ್ತದೆ.

ಪಕ್ಕದ ಗಾಜಿಗೆ 50 ಅಂದರಲ್ಲ. ಹಾಗಾದರೆ 50ರ ಫಿಲ್ಮ್ ಕೊಡಿ.

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಕೆಲವು ಅಂಗಡಿಯವರೂ ಎಡವುತ್ತಾರೆ, ಕೆಲವರು ಬೇಕೆಂದೇ ಎಡವುತ್ತಾರೆ.

ಗಾಜಿನ ಮೂಲಕ ಒಳಗೆ ಬರುವ ಬೆಳಕಿನ ಪಾಲಿಗೆ ವಿಎಲ್‌ಟಿ ಎನ್ನುತ್ತಾರೆ. ನಿಯಮ ಕೇಳುವುದು ಗಾಜೂ ಫಿಲ್ಮೂ ಸೇರಿದ ವಿಎಲ್‌ಟಿಯನ್ನು. ಕಾರಿನ ಗಾಜು ಬರಿಗಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲೇ ಒಂದಿಷ್ಟು ಹಸಿರು ಛಾಯೆ ಇರುತ್ತದೆ. ನಿಮ್ಮ ಕಾರಿನ ಬಾಗಿಲ ಗಾಜು 75ರಷ್ಟು ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಅದರ ಮೇಲೆ 50ರ ಫಿಲ್ಮ್ ಹಚ್ಚಿದರೆ 75ರಲ್ಲಿ ಅರ್ಧ, ಅಂದರೆ 37.5. ನಿಯಮಕ್ಕಿಂತ ಎಷ್ಟೋ ಕೆಳಗೆ. ಅದೇ ಗಾಜಿಗೆ 70ರ ಫಿಲ್ಮ್ ಹಚ್ಚಿದರೆ 52.5. ಇದು ಗಡಿಯ ಈಚೆ ಕಷ್ಟಪಟ್ಟು ನಿಲ್ಲುತ್ತದೆ.

ಹಾಗಾಗಿ ಬಾಗಿಲಿಗೆ 70ಕ್ಕಿಂತ ಕಡಿಮೆಯದು ಬೇಡ. ಅಂಗಡಿಯಲ್ಲಿ ಟಿಂಟ್ ಮೀಟರ್ ಇದೆಯಾ ಕೇಳಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ ಅದು. ಫಿಲ್ಮ್ ಹಚ್ಚುವ ಮೊದಲು ಬರಿ ಗಾಜನ್ನು ಅಳೆಯಲಿ. ಫಿಲ್ಮ್ ತುಂಡನ್ನು ಗಾಜಿಗೆ ಒತ್ತಿ ಹಿಡಿದು ಮತ್ತೊಮ್ಮೆ ಅಳೆಯಲಿ. ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. "ಅದೆಲ್ಲ ಏನೂ ಬೇಡ ಸಾರ್, ನಾವಿದ್ದೀವಲ್ಲ" ಎನ್ನುವವರು ದಂಡ ಕಟ್ಟುವ ಹೊತ್ತಿಗೆ ಇರುವುದಿಲ್ಲ.

ಮುಂದಿನ ಗಾಜಿಗೆ ಯಾವುದು ಹಾಕಿಸಲಿ?

ಯಾವುದೂ ಬೇಡ. ಲೆಕ್ಕ ನೀವೇ ಹಾಕಿ: ಗಾಜು 75 ಇದ್ದರೆ 90ರ ಅತಿ ತಿಳಿ ಫಿಲ್ಮ್ ಹಚ್ಚಿದರೂ 67.5ಕ್ಕೆ ಇಳಿಯುತ್ತದೆ, 70 ದಾಟುವುದಿಲ್ಲ. ಗಾಜೇ 80 ಇದ್ದರೆ 72 ಸಿಗುತ್ತದೆ. ಆದರೆ ಆ ಎರಡು ಅಂಕಿಗಾಗಿ ಅಷ್ಟು ದುಡ್ಡು ಯಾಕೆ? ಮುಂದಿನ ಗಾಜು ಎರಡು ಪದರದ ಲ್ಯಾಮಿನೇಟೆಡ್ ಗಾಜು. ನಡುವೆ ಇರುವ ಪ್ಲಾಸ್ಟಿಕ್ ಪದರ ನೇರಳಾತೀತ ಕಿರಣಗಳನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಬಾಗಿಲ ಗಾಜು ಒಂದೇ ಪದರದ ಟೆಂಪರ್ಡ್ ಗಾಜು, ನೇರಳಾತೀತದಲ್ಲೇ ಒಂದು ಬಗೆಯಾದ ಯುವಿಎ ಕಿರಣಗಳಲ್ಲಿ ಒಳ್ಳೆಯ ಪಾಲನ್ನು ಒಳಗೆ ಬಿಡುತ್ತದೆ. ದಿನವಿಡೀ ಗಾಡಿ ಓಡಿಸುವವರ ಬಲಗೈ ಎಡಗೈಗಿಂತ ಕಪ್ಪಾಗುವುದು ಸುಮ್ಮನೆ ಅಲ್ಲ.

ಫಿಲ್ಮ್ ಕಪ್ಪಾದಷ್ಟೂ ಒಳಗೆ ತಂಪಲ್ಲವೇ?

ಅಲ್ಲ. ಇದು ಈ ಕಸುಬಿನ ಅತಿ ಹಳೆಯ ಸುಳ್ಳು, ನಾನೂ ಒಂದು ಕಾಲಕ್ಕೆ ಹೇಳಿದ್ದೇನೆ.

ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಅರ್ಧ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದು. ಕಾಣುವ ಬೆಳಕಿನದು ಅರ್ಧಕ್ಕಿಂತ ತುಸು ಕಡಿಮೆ, ಉಳಿದ ಚೂರು ನೇರಳಾತೀತದ್ದು. ಅಗ್ಗದ ಕಪ್ಪು ಫಿಲ್ಮ್ ಬರೀ ಬಣ್ಣ ಬಳಿದ ಪ್ಲಾಸ್ಟಿಕ್ ಹಾಳೆ. ಅದು ಕಾಣುವ ಬೆಳಕನ್ನು ಹೀರುತ್ತದೆ, ಹೀರಿ ತಾನೇ ಕಾಯುತ್ತದೆ, ಕಾದು ಒಳಗಡೆಗೂ ಬಿಸಿ ಬಿಡುತ್ತದೆ. ಅವಗೆಂಪಿನ ಬಹುಪಾಲು ಅದನ್ನು ದಾಟಿಕೊಂಡೇ ಬರುತ್ತದೆ. ಕಣ್ಣಿಗೆ ತಂಪು, ಮೈಗೆ ಅಲ್ಲ.

ನ್ಯಾನೋ ಸಿರಾಮಿಕ್ ಫಿಲ್ಮ್ ಇದಕ್ಕೆ ತಿರುಗುಮುರುಗು. ತಿಳಿಯಾಗಿದ್ದುಕೊಂಡೇ ಅವಗೆಂಪನ್ನು ತಡೆಯುತ್ತದೆ. ನಿಯಮದೊಳಗೆ ಇರಬೇಕು, ಸೆಕೆಯೂ ಕಡಿಮೆಯಾಗಬೇಕು ಎನ್ನುವವರಿಗೆ ದಾರಿ ಇದೊಂದೇ. ಬೆಲೆ ಮಾತ್ರ ಬಣ್ಣದ ಫಿಲ್ಮಿನ ಹಲವು ಪಟ್ಟು. ಕಾರ್ಬನ್ ಫಿಲ್ಮ್ ಇವೆರಡರ ನಡುವಿನದು. ಲೋಹದ ಪುಡಿ ಲೇಪಿಸಿದ್ದೂ ಸೆಕೆ ತಡೆಯುತ್ತದೆ, ಆದರೆ ಅದರದ್ದು ಬೇರೆ ಗೋಳು. ಕೆಳಗೆ ಹೇಳಿದ್ದೇನೆ.

ಅಂಗಡಿಯಲ್ಲಿ ದೀಪದ ಮುಂದೆ ಕೈ ಇಟ್ಟು ತೋರಿಸಿದರು, ಬಿಸಿಯೇ ತಾಗಲಿಲ್ಲ. "97% ಐಆರ್" ಅಂತ ಬರೆದಿತ್ತು.

ಐಆರ್ ಅಂದರೆ ಅದೇ ಅವಗೆಂಪು. ಆ ದೀಪ ಹೆಚ್ಚಾಗಿ ಉಗುಳುವುದು ಅದನ್ನೇ. ಸೂರ್ಯ ಹಾಗಲ್ಲ. ಪೆಟ್ಟಿಗೆಯ ಮೇಲಿನ 97 ಕೂಡ ಎಷ್ಟೋ ಸಲ 900ರಿಂದ 1000 ನ್ಯಾನೋಮೀಟರ್‌ನಂಥ ಸಣ್ಣದೊಂದು ಪಟ್ಟಿಯಲ್ಲಿ ಅಳೆದದ್ದು. ಬಿಸಿಲಿನ ಅವಗೆಂಪು 780ರ ಆಸುಪಾಸಿನಿಂದ 2500ರವರೆಗೂ ಹರಡಿದೆ.

ನೀವು ಕೇಳಬೇಕಾದ ಅಂಕಿ ಟಿಎಸ್‌ಇಆರ್. ಬಿಸಿಲಿನ ಒಟ್ಟು ಶಕ್ತಿಯಲ್ಲಿ ಎಷ್ಟು ಪಾಲು ಹೊರಗೇ ಉಳಿಯಿತು ಎಂದು ಅದು ಹೇಳುತ್ತದೆ. ಒಳ್ಳೆಯ ತಿಳಿ ಫಿಲ್ಮಿನಲ್ಲೂ ಅದು 97ರ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಅದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುವುದಿಲ್ಲ.

ಬಿಸಿಲಿನಲ್ಲಿ ನಿಲ್ಲಿಸಿ ಹೋದರೂ ಕಾರು ತಂಪಾಗಿರುತ್ತದಾ?

ಇಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಮೂರು ತಾಸು ಬಯಲಲ್ಲಿ ನಿಂತ ಗಾಡಿಗೆ ಯಾವ ಫಿಲ್ಮೂ ಏನೂ ಮಾಡಲಾರದು. ಚಾವಣಿ ಕಾಯುತ್ತದೆ, ಫಿಲ್ಮಿಲ್ಲದ ಮುಂದಿನ ಗಾಜಿನಿಂದ ಬಂದ ಬಿಸಿಲಿಗೆ ಡ್ಯಾಶ್‌ಬೋರ್ಡ್ ಕಾಯುತ್ತದೆ. ಫಿಲ್ಮ್ ಉಪಯೋಗಕ್ಕೆ ಬರುವುದು ಓಡುವಾಗ: ತೊಡೆಯ ಮೇಲೆ ಚುರುಗುಟ್ಟುವ ಬಿಸಿಲು ತಗ್ಗುತ್ತದೆ, ಎಸಿ ಬೇಗ ಹಿಡಿತಕ್ಕೆ ಬರುತ್ತದೆ. ನಿಲ್ಲಿಸುವಾಗ ಮುಂದಿನ ಗಾಜಿಗೆ ಮಡಚುವ ಬೆಳ್ಳಿ ಬಣ್ಣದ ಸನ್‌ಶೇಡ್ ಇಡಿ. ಅಗ್ಗದ ವಸ್ತು, ಕಾನೂನಿನ ತಂಟೆ ಇಲ್ಲ. ಹೊರಡುವ ಮುನ್ನ ತೆಗೆಯಿರಿ ಎಂದು ಹೇಳಬೇಕಾಗಿ ಬಂದದ್ದೂ ಉಂಟು.

ಫಿಲ್ಮ್ ಹಾಕಿಸಿದ ಮೇಲೆ ಟೋಲ್‌ನಲ್ಲಿ ಫಾಸ್ಟ್ಯಾಗ್ ಓದುತ್ತಿಲ್ಲ. ಯಾಕೆ?

ಮುಂದಿನ ಗಾಜಿಗೆ ಲೋಹದ ಫಿಲ್ಮ್ ಹಚ್ಚಿದ್ದಾರೆ. ಫಾಸ್ಟ್ಯಾಗ್ ಕೆಲಸ ಮಾಡುವುದು ರೇಡಿಯೋ ಅಲೆಗಳಿಂದ, ಲೋಹ ಅದಕ್ಕೆ ಗೋಡೆ ಇದ್ದ ಹಾಗೆ. ಜಿಪಿಎಸ್ ತಡವರಿಸುವುದು, ಮೊಬೈಲ್ ಸಿಗ್ನಲ್ ಇಳಿಯುವುದು, ಹಿಂದಿನ ಗಾಜಿನಲ್ಲೇ ಆಂಟೆನಾ ಇರುವ ಕಾರುಗಳಲ್ಲಿ ಎಫ್‌ಎಂ ಗೊರಗೊರ ಎನ್ನುವುದು, ಎಲ್ಲಕ್ಕೂ ಕಾರಣ ಅದೇ. ಸಿರಾಮಿಕ್‌ನಲ್ಲಿ ಈ ತೊಂದರೆ ಬರುವುದಿಲ್ಲ. ಟ್ಯಾಗ್ ಅಂಟಿಸಿದ ಜಾಗದಷ್ಟು ಫಿಲ್ಮ್ ಕತ್ತರಿಸಿ ಕೊಡಿ ಎಂದು ಕೇಳುವವರಿದ್ದಾರೆ. ಪೂರ್ತಿ ತೆಗೆಸಿ, ಮೊದಲಿಗೆ ಅದು ಅಲ್ಲಿರಬಾರದಿತ್ತು.

ಹಾಕುವವರ ಕೆಲಸ ಚೆನ್ನಾಗಿದೆ ಎಂದು ಮೊದಲೇ ತಿಳಿಯುವುದು ಹೇಗೆ?

ಜಾಗ ನೋಡಿ. ಈ ಕೆಲಸಕ್ಕೆ ಧೂಳೇ ಶತ್ರು. ರಸ್ತೆ ಬದಿಯ ಮರದ ಕೆಳಗೆ, ಬಸ್ಸು ಲಾರಿ ಹಾಯುವಲ್ಲಿ ಹಚ್ಚಿದರೆ ಫಿಲ್ಮಿನಡಿ ಮರಳು ಗ್ಯಾರಂಟಿ. ನಾಲ್ಕು ಗೋಡೆ, ಒದ್ದೆ ಮಾಡಿದ ನೆಲ, ನಿಲ್ಲಿಸಿದ ಫ್ಯಾನ್ ಇದ್ದರೆ ಅವರಿಗೆ ಕೆಲಸ ಗೊತ್ತು.

ಕೈ ನೋಡಿ. ಗಾಜಿನ ಮೇಲೇ ಫಿಲ್ಮ್ ಇಟ್ಟು ಬ್ಲೇಡಿನಿಂದ ಅಂಚು ಕತ್ತರಿಸುತ್ತಾರಾ, ಅಥವಾ ಕಂಪ್ಯೂಟರ್ ಪ್ಲಾಟರ್‌ನಲ್ಲಿ ಮೊದಲೇ ಕತ್ತರಿಸಿ ತರುತ್ತಾರಾ? ಪಳಗಿದ ಕೈ ಗಾಜಿನ ಮೇಲೂ ಗೀರು ಬೀಳದಂತೆ ಕತ್ತರಿಸುತ್ತದೆ. ಪಳಗದ ಕೈಯ ಗೀರು ಗಾಜಿನಲ್ಲಿ ಕೊನೆಯವರೆಗೂ ಉಳಿಯುತ್ತದೆ.

ಬಾಗಿಲು ನೋಡಿ. ಫಿಲ್ಮ್ ಹಚ್ಚಲು ಸೋಪು ನೀರು ಧಾರಾಳವಾಗಿ ಸಿಂಪಡಿಸುತ್ತಾರೆ, ಅದು ಕೆಳಗೆ ಇಳಿಯುತ್ತದೆ. ಬಾಗಿಲ ಪ್ಯಾಡಿನ ಮೇಲೆ ದಪ್ಪ ಟವೆಲ್ ಹೊದಿಸದೆ ಶುರು ಮಾಡಿದರೆ ಅಲ್ಲೇ ತಡೆಯಿರಿ. "ಫಿಲ್ಮ್ ಹಾಕಿಸಿದ ಎರಡನೇ ದಿನ ಪವರ್ ವಿಂಡೋ ಸ್ವಿಚ್ ಸತ್ತಿತು", "ಸ್ಪೀಕರ್ ಕರಕರ ಅನ್ನುತ್ತಿದೆ" ಎಂದು ಬರುವವರ ಕಥೆಯೆಲ್ಲ ಆ ಟವೆಲ್ಲಿನದ್ದೇ.

ರೋಲಿನ ಪೆಟ್ಟಿಗೆಯನ್ನು ನಿಮ್ಮೆದುರೇ ತೆಗೆಸಿ. ವಾರಂಟಿ ಕಾರ್ಡಿನಲ್ಲಿ ಫಿಲ್ಮಿನ ಹೆಸರು, ರೋಲಿನ ಸಂಖ್ಯೆ, ನಿಮ್ಮ ಗಾಡಿ ನಂಬರ್ ಮೂರೂ ಇರಲಿ.

ಗುಳ್ಳೆ ಎದ್ದಿದೆ. ತೆಗೆಸಿ ಮತ್ತೆ ಹಾಕಿಸಬೇಕಾ?

ಯಾವ ಗುಳ್ಳೆ ಎಂಬುದರ ಮೇಲೆ ಹೋಗುತ್ತದೆ. ಸಣ್ಣ ನೀರಿನ ಗುಳ್ಳೆ, ಮಂಜು ಕವಿದಂಥ ಮಸುಕು ಇದ್ದರೆ ಹೆದರಬೇಡಿ. ಉಳಿದ ನೀರು ಫಿಲ್ಮಿನ ಮೂಲಕವೇ ಆರುತ್ತದೆ. ಬೇಸಿಗೆಯಲ್ಲಿ ವಾರದೊಳಗೆ, ಕರಾವಳಿಯ ಜುಲೈಯಲ್ಲಿ ಮೂರು ನಾಲ್ಕು ವಾರವೂ ಹಿಡಿಯಬಹುದು. ಬೆರಳಿನಿಂದ ಒತ್ತಿ ಹೊರಹಾಕಲು, ಸೂಜಿಯಿಂದ ಚುಚ್ಚಲು ಹೋಗಬೇಡಿ. ಸೂಜಿಯ ತೂತು ಆಮೇಲೆ ಬೆಳ್ಳಗೆ ಚುಕ್ಕೆಯಾಗಿ ಕಾಣುತ್ತಲೇ ಇರುತ್ತದೆ.

ಮುಟ್ಟಿದರೆ ಒಳಗೆ ಚೂರು ಏನೋ ಕೈಗೆ ತಗಲುವಂತಿದ್ದರೆ ಅದು ಧೂಳಿನ ಕಣ. ಅದು ಆರುವುದಿಲ್ಲ. ಒಂದೆರಡು ಕಣ ಇದ್ದರೆ ಸುಮ್ಮನಿರಿ, ಕಣ್ಣೆದುರಿನ ಜಾಗದಲ್ಲೇ ರಾಶಿ ಇದ್ದರೆ ಆ ಗಾಜನ್ನು ಮತ್ತೆ ಮಾಡಿಕೊಡಲು ಕೇಳಿ. ತಿಂಗಳುಗಟ್ಟಲೆ ಚೆನ್ನಾಗಿದ್ದು ಆಮೇಲೆ ಎದ್ದ ದೊಡ್ಡ ಗುಳ್ಳೆ ಗೋಂದು ಕೈಕೊಟ್ಟ ಲಕ್ಷಣ. ಅದಕ್ಕೆ ಕೀಳುವುದೊಂದೇ ಮದ್ದು.

ಗಾಜು ಯಾವಾಗ ಇಳಿಸಬಹುದು?

ಮೂರು ನಾಲ್ಕು ದಿನ ಬಿಟ್ಟು. ಮಳೆಗಾಲದಲ್ಲಿ ಒಂದು ವಾರ. ಒಣಗುವ ಮೊದಲೇ ಇಳಿಸಿದರೆ ರಬ್ಬರ್ ಬೀಡಿಂಗ್ ಫಿಲ್ಮಿನ ಅಂಚನ್ನು ಹಿಡಿದು ಎಳೆಯುತ್ತದೆ. ಮನೆಗೆ ಹೋದ ತಕ್ಷಣ ಯಾರಾದರೂ ಬಟನ್ ಒತ್ತಿಯೇ ಒತ್ತುತ್ತಾರೆ, ಅದರಲ್ಲೂ ಮಕ್ಕಳು. ಡ್ರೈವರ್ ಬದಿಯ ವಿಂಡೋ ಲಾಕ್ ಒತ್ತಿಡಿ. ಟೋಲ್ ಇರುವ ದೂರದ ಪ್ರಯಾಣದ ಹಿಂದಿನ ದಿನ ಹಾಕಿಸಲೇಬೇಡಿ.

ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತಿದೆ, ಕಡಿಮೆ ಕತ್ತರಿಸಿದ್ದಾರಾ?

ಮೇಲಂಚಿನಲ್ಲಿ ಒಂದೆರಡು ಮಿಲಿಮೀಟರ್ ಬಿಡುವುದು ಸರಿಯಾದ ಕೆಲಸವೇ. ಅಂಚಿಗೆ ಸರಿಯಾಗಿ ಹಚ್ಚಿದರೆ ಬೀಡಿಂಗ್ ಉಜ್ಜಿ ಸಿಪ್ಪೆ ಏಳುತ್ತದೆ. ಹಿಂದಿನ ಗಾಜಿನ ಸುತ್ತ ಇರುವ ಕಪ್ಪು ಚುಕ್ಕೆಗಳ ಪಟ್ಟಿಯ ಮೇಲೂ ಫಿಲ್ಮ್ ಪೂರ್ತಿ ಕೂರುವುದಿಲ್ಲ, ಚುಕ್ಕೆಗಳು ಗಾಜಿಗಿಂತ ತುಸು ಎತ್ತರ ಇರುತ್ತವೆ. ಅಲ್ಲಿ ಬೂದು ಬಣ್ಣ ಕಂಡರೆ ತಪ್ಪಲ್ಲ.

ಹಿಂದಿನ ಗಾಜಿನ ಡಿಫಾಗರ್ (ಬಿಸಿಯಾಗಿ ಮಂಜು ಕರಗಿಸುವ) ಗೆರೆಗಳಿಗೆ ಏನಾದರೂ ಆಗುತ್ತದಾ?

ಹಚ್ಚುವಾಗ ಹೆಚ್ಚೇನೂ ಆಗುವುದಿಲ್ಲ. ಅನಾಹುತವಾಗುವುದು ಕೀಳುವಾಗ. ಆ ಗೆರೆಗಳು ಗಾಜಿನ ಒಳಮೈಯಲ್ಲೇ ಇರುತ್ತವೆ, ಫಿಲ್ಮ್ ಅವುಗಳ ಮೇಲೆ ಅಂಟಿ ಕೂತಿರುತ್ತದೆ. ಬರ‍್ರನೆ ಎಳೆದರೆ ಫಿಲ್ಮಿನ ಜೊತೆ ಗೆರೆಯೂ ಕಿತ್ತು ಬರುತ್ತದೆ, ಬ್ಲೇಡ್ ಹಾಕಿ ಕೆರೆದರಂತೂ ಮುಗಿಯಿತು. ಒಂದು ಕಡೆ ತುಂಡಾದರೆ ಆ ಸಾಲು ಪೂರ್ತಿ ಬಿಸಿಯಾಗುವುದಿಲ್ಲ. ಮಡಿಕೇರಿಯ ಮಳೆಯಲ್ಲಿ ಹಿಂದಿನದೇನೂ ಕಾಣದೆ ರಿವರ್ಸ್ ತೆಗೆಯುವಾಗ ಇದರ ಬೆಲೆ ಗೊತ್ತಾಗುತ್ತದೆ. ಹಿಂದಿನ ಗಾಜಿಗೂ 70ರ ನಿಯಮವೇ ಆದ್ದರಿಂದ ಅದನ್ನು ಮುಟ್ಟದಿರುವುದು ಒಳ್ಳೆಯದು.

ಹಳೇ ಫಿಲ್ಮ್ ನೇರಳೆ ಬಣ್ಣಕ್ಕೆ ತಿರುಗಿದೆ.

ಬಣ್ಣದ ಫಿಲ್ಮಿನ ಹಣೆಬರಹ. ಬಿಸಿಲಿಗೆ ಬಣ್ಣ ಸತ್ತು ನೇರಳೆ ಮಾತ್ರ ಉಳಿಯುತ್ತದೆ. ಸರಿಪಡಿಸಲು ಬರುವುದಿಲ್ಲ.

ಮನೆಯಲ್ಲೇ ಕೀಳಬಹುದಾ?

ಬಾಗಿಲ ಗಾಜಾದರೆ ಆಗುತ್ತದೆ, ತಾಳ್ಮೆ ಬೇಕು. ಗಾಡಿಯನ್ನು ಒಂದು ತಾಸು ಬಿಸಿಲಿಗೆ ನಿಲ್ಲಿಸಿ, ಇಲ್ಲವೇ ಬಟ್ಟೆಗೆ ಹಿಡಿಯುವ ಸ್ಟೀಮರ್‌ನಿಂದ ಹಬೆ ಕೊಡಿ. ಮೇಲಿನ ಮೂಲೆ ಎಬ್ಬಿಸಿ, ಎಳೆಯುವುದಕ್ಕಿಂತ ನಿಧಾನವಾಗಿ ಸುಲಿಯಿರಿ. ಗೋಂದು ಗಾಜಿನಲ್ಲಿ ಉಳಿದರೆ ಸೋಪು ನೀರು ಹಾಕಿ ನೆನೆಯಲು ಬಿಟ್ಟು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಹೀಟ್ ಗನ್ ಹಿಡಿಯುವುದಾದರೆ ಒಂದೇ ಕಡೆ ನಿಲ್ಲಿಸಬೇಡಿ, ಗಾಜು ಒಡೆಯುತ್ತದೆ. ನನ್ನ ಕಲಿಕೆಯ ದಿನಗಳಲ್ಲಿ ಹಾಗೆ ಒಂದು ಹಿಂದಿನ ಗಾಜನ್ನು ಪುಡಿ ಮಾಡಿದ್ದೇನೆ. ಯಜಮಾನರು ಬೈಯಲಿಲ್ಲ, ಮೂರು ತಿಂಗಳ ಸಂಬಳದಲ್ಲಿ ಹಿಡಿದುಕೊಂಡರು.

ಒರೆಸುವುದು ಯಾವುದರಿಂದ?

ಮೈಕ್ರೋಫೈಬರ್ ಬಟ್ಟೆ, ನೀರು, ಬೇಕಿದ್ದರೆ ಒಂದು ಹನಿ ಶಾಂಪೂ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ, ಫಿಲ್ಮ್ ಮಬ್ಬಾಗುತ್ತದೆ. ದಿನಪತ್ರಿಕೆಯಿಂದ ಉಜ್ಜುವ ಅಭ್ಯಾಸ ಹೊರಮೈಗೆ ಇರಲಿ.

ಫಿಲ್ಮ್ ಬದಲು ಪರದೆ ಹಾಕಿಸಿದರೆ?

ಓಡುವ ಗಾಡಿಗೆ ಪರದೆ ಇದ್ದರೂ ಪೊಲೀಸರು ಹಿಡಿಯುತ್ತಾರೆ. ಕಿಟಕಿಯ ಚೌಕಟ್ಟಿಗೆ ಅಯಸ್ಕಾಂತದಿಂದ ಕೂರುವ ಜಾಲರಿಯೂ ಸಿಗುತ್ತದೆ, ಅದನ್ನು ನಿಲ್ಲಿಸಿದಾಗ ಮಾತ್ರ ಬಳಸಿ. ಮಗು ಹಿಂದೆ ಮಲಗಿದೆ, ಮುಖಕ್ಕೆ ಬಿಸಿಲು ಎಂದು ಹಾಕುವವರೇ ಹೆಚ್ಚು. ನಾನೂ ಅಪ್ಪನೇ, ಅರ್ಥವಾಗುತ್ತದೆ. ಆದರೂ ಮಗುವಿನ ಸೀಟನ್ನು ನೆರಳಿನ ಬದಿಗೆ ಬದಲಿಸುವುದು ಸುಲಭ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ, ಫಿಲ್ಮ್ ಮೊದಲೇ ಇತ್ತು. ದಂಡ ಯಾರಿಗೆ?

ಈಗ ಗಾಡಿ ಯಾರ ಹೆಸರಲ್ಲಿದೆಯೋ ಅವರಿಗೆ. ವ್ಯಾಪಾರ ಕುದುರುವ ಮೊದಲೇ ಗಾಜಿನ ಅಂಚನ್ನು ಉಗುರಿನಿಂದ ತಡವಿ ನೋಡಿ: ಮೆಟ್ಟಿಲಿನಂತೆ ಸಣ್ಣ ಅಂಚು ತಗುಲಿದರೆ ಫಿಲ್ಮ್ ಇದೆ, ನುಣ್ಣಗಿದ್ದರೆ ಬಣ್ಣ ಗಾಜಿನದ್ದೇ. ತುಂಬಾ ಕಪ್ಪಿದ್ದರೆ ಕೀಳಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಹಳದಿ ಬೋರ್ಡ್ ಗಾಡಿಯಾದರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋಗುವ ಮೊದಲೇ ತೆಗೆಸಿಬಿಡಿ, ಇಲ್ಲದಿದ್ದರೆ ಆರ್‌ಟಿಒ ಕಚೇರಿಯ ಆಚೆ ಬ್ಲೇಡ್ ಹಿಡಿದು ಕೂತಿರುವವನು ಕೇಳಿದಷ್ಟು ಕೊಡಬೇಕಾಗುತ್ತದೆ.